ಇಂಗ್ಲಿಷ್ ನಾಟಕವೂ ನಮ್ಮ ಭಾವನವರ ಆರಾಧನೆಯೂ

ನನಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡವೇ ಮೂರನೇ ಕ್ಲಾಸಿಗೆ ನಿಂತಿದೆ. ಪೇಪರು ಓದುವಾಗ ಒತ್ತಕ್ಷರ ಬಂದರೆ ಇವತ್ತಿಗೂ ಒಂದು ಗಳಿಗೆ ನಿಂತು ದಾಟುತ್ತೇನೆ. ಆದರೂ ಇಂಗ್ಲಿಷ್ ಸಾಹಿತ್ಯದ ಚರಿತ್ರೆಯ ಮೇಲೆ ನನಗೆ ಸಿಟ್ಟಿದೆ. ಗೊತ್ತಿಲ್ಲದ ವಿಷಯದ ಮೇಲೆ ಎಂಥ ಸಿಟ್ಟು ಎನ್ನುತ್ತೀರೇನೋ. ಗೊತ್ತಿಲ್ಲದೆ ಏನು? ವರ್ಷಗಟ್ಟಲೆ ಬೆಳಗಿನ ತಿಂಡಿಯ ಜೊತೆ ಅದನ್ನೇ ಕೇಳಿಕೊಂಡು ಬಂದಿದ್ದೇನೆ.

ಓದುವವಳು ನನ್ನ ಸೊಸೆ ಶೈಲ. ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಮನೆ. ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಾಳೆ. ದೊಡ್ಡ ಕ್ಲಾಸು ಸಿಗಬೇಕು ಅಂತ ಮನೆಯಲ್ಲಿ ಕೂತೇ ಇಂಗ್ಲಿಷ್ ಎಂ.ಎ. ಕಟ್ಟಿದಳು. ಕೂತು ಅಂದದ್ದು ಮಾತಿಗೆ. ಅವಳು ಕೂತದ್ದನ್ನು ನಾನು ನೋಡಿಲ್ಲ. ಗೈಡನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟು, ದೋಸೆ ಮಗುಚುತ್ತಾ, "ಅತ್ತೆ, ಕೇಳಿ ಸ್ವಲ್ಪ. ಯಾರಿಗಾದ್ರೂ ಹೇಳಿದ್ರೆ ತಲೇಲಿ ನಿಲ್ಲುತ್ತೆ" ಅನ್ನುತ್ತಾಳೆ. ಮೊದಮೊದಲು ಕೆಲಸಕ್ಕೆ ಬೇಕು ಅಂತ ಓದುತ್ತಿದ್ದವಳು ಆಮೇಲೆ ಆಸೆಗೆ ಓದತೊಡಗಿದಳು. ಹೆಂಗಸು ಸಂಬಳಕ್ಕೆ ಓದಿದರೆ ನೆಂಟರು ಹೇಗೋ ಸಹಿಸುತ್ತಾರೆ. ಆಸೆಗೆ ಓದಿದರೆ ಅವರಿಗೆ ಕಣ್ಣುರಿ.

ಹಾಗೆ ಕೇಳಿ ಕೇಳಿ ನನಗೂ ಸಾಕಷ್ಟು ತಿಳಿದಿದೆ. ಆ ದೇಶದಲ್ಲಿ ನಾಟಕ ಹುಟ್ಟಿದ್ದು ಚರ್ಚಿನ ಒಳಗಂತೆ. ಜನ ನಗತೊಡಗಿದ ಮೇಲೆ ಅದನ್ನು ಅಂಗಳಕ್ಕೆ ನೂಕಿದರಂತೆ. ಅಲ್ಲಿಂದ ಅದು ಕೆಲಸಗಾರರ ಕೈಗೆ ಬಂತು. ಹಡಗು ಕಟ್ಟುವವರು ಪ್ರಳಯದ ಕತೆ ಆಡುವುದು, ರೊಟ್ಟಿ ಸುಡುವವರು ಅವರ ದೇವರ ಕೊನೆಯ ಊಟದ ಕತೆ ಆಡುವುದು, ಗಾಡಿಯ ಮೇಲೆ ಅಟ್ಟ ಕಟ್ಟಿಕೊಂಡು ಬೀದಿಬೀದಿ ಎಳೆಯುವುದು. ಇದು ನನಗೆ ಸರಿ ಕಂಡಿತು. ಅಷ್ಟರಲ್ಲಿ ಶೈಲ ಇನ್ನೊಂದು ಪುಟ ತಿರುಗಿಸಿ, ಹೆಂಗಸರು ರಂಗ ಹತ್ತುವ ಹಾಗಿರಲಿಲ್ಲ, ಮೀಸೆ ಬಾರದ ಹುಡುಗರೇ ರಾಣಿಯ ವೇಷ ಹಾಕಿ ಅಳುತ್ತಿದ್ದರು ಅಂದಳು. ನನಗೆ ಮೈ ಉರಿಯಿತು. ಅಳುವುದಕ್ಕಾದರೂ ನಮ್ಮನ್ನು ಕರೆಯಬಾರದಿತ್ತೆ? ಆ ಒಂದು ಕೆಲಸ ನಮಗೆ ಚೆನ್ನಾಗಿ ಅಭ್ಯಾಸವಾಗಿದೆ.

ಮುಂದೆ ಒಂದು ಕಾಲದಲ್ಲಿ ಅತಿಯಾಗಿ ದೇವರನ್ನು ನಂಬಿದವರು ಅಧಿಕಾರಕ್ಕೆ ಬಂದು, ನಾಟಕ ನೋಡಿದರೆ ಜನ ಕೆಡುತ್ತಾರೆ ಅಂತ ಎಲ್ಲ ನಾಟಕಶಾಲೆಗೂ ಬೀಗ ಹಾಕಿಸಿದರಂತೆ. ಅದನ್ನು ಕೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ನಾದಿನಿ ಗಂಗಮ್ಮನಂಥವರು ಎಲ್ಲ ದೇಶದಲ್ಲೂ ಇರುತ್ತಾರೆ.

ಹಳೆಯ ನಾಟಕಕ್ಕೆ ಕಟ್ಟಳೆಗಳೂ ಇದ್ದವಂತೆ. ಕತೆಯೆಲ್ಲ ಒಂದೇ ಜಾಗದಲ್ಲಿ, ಒಂದೇ ದಿನದಲ್ಲಿ ನಡೆದು ಮುಗಿಯಬೇಕು. ಇದನ್ನು ಪಾಲಿಸುವುದು ಕವಿಗಳಿಗೆ ಬಹಳ ಕಷ್ಟವಾಯಿತು ಅಂತ ಗೈಡಿನಲ್ಲಿ ಎರಡು ಪುಟ ಬರೆದಿದ್ದಾರೆ. ಕಷ್ಟವೇ? ಒಲೆಯ ಮುಂದೆ ನಿಲ್ಲುವ ಯಾರನ್ನಾದರೂ ಕೇಳಬೇಕಿತ್ತು. ಇನ್ನೊಂದು ಕಟ್ಟಳೆ ಇದಕ್ಕಿಂತ ಮೇಲು: ದುರಂತ ಅನ್ನಿಸಿಕೊಳ್ಳಬೇಕಾದರೆ ಬೀಳುವವನು ದೊಡ್ಡ ಮನುಷ್ಯನಾಗಿರಬೇಕು, ರಾಜನೋ ಸೇನಾಪತಿಯೋ. ಸಣ್ಣವರು ಬಿದ್ದರೆ ಅದು ನಗೆನಾಟಕ. ನಾನು ಸೌಟು ಕೆಳಗಿಟ್ಟು ಕೇಳಿದೆ: "ಇದನ್ನ ಬರೆದೋನು ಎಂದಾದ್ರೂ ಕೆಲಸ ಕಳ್ಕೊಂಡೋರ ಮನೆ ನೋಡಿದ್ನೇನೇ?" ಶೈಲ ನಕ್ಕು, "ಅತ್ತೆ, ಇದನ್ನೇ ಪರೀಕ್ಷೇಲಿ ಕೇಳ್ತಾರೆ. ಚರ್ಚಿಸಿ, ಹದಿನೈದು ಮಾರ್ಕು" ಅಂದಳು.

ಆದರೆ ಚರ್ಚಿಸಲಿಕ್ಕೆ ಅವಳು ಪರೀಕ್ಷೆಗೆ ಹೋಗಬೇಕಲ್ಲ. ಉಳಿದ ವಿಷಯವೆಲ್ಲ ಪಾಸಾಗಿ ನಾಟಕದ ಪೇಪರು ಒಂದೇ ಬಾಕಿ ಇತ್ತು. ಅದು ದಡ್ಡತನಕ್ಕೆ ಬಾಕಿಯಾದದ್ದಲ್ಲ. ಒಂದು ಸಲ ಪರೀಕ್ಷೆಯ ದಿನವೇ ಗಂಗಮ್ಮನ ಮಗನ ನಿಶ್ಚಿತಾರ್ಥ, ಇನ್ನೊಂದು ಸಲ ಅದೇ ಮಗನ ಹೆಂಡತಿಯ ಸೀಮಂತ. ಎರಡು ಸಲವೂ ಶೈಲ ಹೋಳಿಗೆ ತಟ್ಟಿದಳು. ಈ ವರ್ಷ ಕೊನೆಯ ಅವಕಾಶ; ಬರೆಯದಿದ್ದರೆ ಅವಧಿ ಮುಗಿದು, ಮೊದಲು ಪಾಸಾದ ವಿಷಯಗಳೂ ನೀರಿಗೆ ಬಿದ್ದ ಹಾಗೆ.

ಹಳೆಯ ನಾಟಕದಲ್ಲಿ ಸಾವನ್ನು ರಂಗದ ಮೇಲೆ ತೋರಿಸುವುದಿಲ್ಲವಂತೆ, ದೂತ ಬಂದು ಸುದ್ದಿ ಹೇಳುತ್ತಾನಂತೆ. ನಮ್ಮ ಮನೆಗೆ ದೂತನಾಗಿ ಬಂದದ್ದು ಗಂಗಮ್ಮನ ಫೋನು. ಶಿವಮೊಗ್ಗದ ದಾರಿಯ ಮಲವಗೊಪ್ಪದಲ್ಲಿದ್ದ ನಮ್ಮ ಭಾವ, ನನ್ನ ಯಜಮಾನರ ಅಣ್ಣ, ತೀರಿಕೊಂಡಿದ್ದರು. ತುಂಬು ವಯಸ್ಸು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಅನ್ನುತ್ತಾರೆ; ಹಾಗಾದರೆ ಭಾವನವರ ಬಗ್ಗೆ ಹೇಳಲಿಕ್ಕೆ ನನ್ನ ಬಳಿ ಹೆಚ್ಚೇನೂ ಇಲ್ಲ. ಹೆಂಡತಿ ಬಡಿಸಿದ ಊಟದಲ್ಲಿ ಒಂದು ದಿನವೂ ಉಪ್ಪು ಸರಿ ಇದೆ ಅಂದವರಲ್ಲ.

ಅವರ ಹೆಸರಿನಲ್ಲಿ ಪೂಜೆ ಮಾಡಿ ಜನಕ್ಕೆ ಊಟ ಹಾಕುವ ಶಿವಗಣಾರಾಧನೆಗೆ ದಿನ ಗೊತ್ತಾಯಿತು. ಅದು ಯಾವ ದಿನ ಅಂತ ನೀವೇ ಊಹಿಸಿ.

ಗಂಗಮ್ಮ ಮತ್ತೆ ಫೋನು ಮಾಡಿದಳು. "ಅತ್ತಿಗೆ, ಶೈಲನ್ನ ಬೆಳಗ್ಗೇನೇ ಕಳ್ಸು. ಅಡುಗೆಗೆ ಜನ ಹೇಳಿದೀವಿ, ಆದ್ರೆ ಬಡ್ಸೋದು ಮನೆ ಸೊಸೇನೇ ಆಗ್ಬೇಕು. ಅಣ್ಣಂಗೆ ಮಕ್ಳಿಲ್ಲ, ಇರೋಳು ಇವಳೊಬ್ಳೇ."

"ಅವತ್ತು ಅವಳಿಗೆ ಶಿವಮೊಗ್ಗದಲ್ಲಿ ಪರೀಕ್ಷೆ."

"ಸಾವಿನ ಮನೇಲಿ ಎಂಥ ಪರೀಕ್ಷೆ ಮಾರಾಯ್ತಿ? ಈ ವಯಸ್ಸಲ್ಲಿ ಇಂಗ್ಲಿಷ್ ನಾಟಕ ಓದ್ಕಂಡು ಅವಳೇನು ಬಣ್ಣ ಹಚ್ಕಂಡು ಕುಣೀತಾಳಾ?"

"ನಮ್ಮಲ್ಲಿ ಸೂತಕ ಇಲ್ಲ ಅಂತ ಮಠದ ಸ್ವಾಮಿಗಳು ವರ್ಷಕ್ಕೊಂದ್ಸಲ ಹೇಳ್ತಾರಲ್ಲ, ನೀನು ಮುಂದಿನ ಸಾಲಲ್ಲೇ ಕೂತು ತಲೆ ಆಡಿಸ್ತೀಯಲ್ಲ!"

"ಸೂತಕ ಇಲ್ಲ ಕಣೇ. ಊಟ ಇದೆ."

ಫೋನು ಕೆಳಗಿಟ್ಟೆ. ಸೂತಕವನ್ನು ಬಿಡಿಸಿದ ಹಿರಿಯರು ಊಟವನ್ನು ಯಾಕೆ ಉಳಿಸಿಕೊಂಡರೋ, ಅವರೂ ಗಂಡಸರೇ ಇರಬೇಕು.

ನನ್ನ ಮಗ ಉಮೇಶ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡ. "ಅಮ್ಮ, ಎಲ್ಲರ ಬಾಯಿಗೆ ಯಾಕೆ ಬೀಳೋದು? ಒಂದು ಪೇಪರ್ ತಾನೆ" ಅಂದ. ಅವನಿಗೆ ಹೊಡೆಯುವ ವಯಸ್ಸು ಇಬ್ಬರಿಗೂ ದಾಟಿತ್ತು. ಶೈಲ ಉಪ್ಪಿನ ಡಬ್ಬಿಯ ಹತ್ತಿರದಿಂದ ಗೈಡನ್ನು ತೆಗೆದು ಬೀರುವಿನ ಮೇಲೆ ಇಟ್ಟಳು. ಅವಳು ಅತ್ತಿದ್ದರೆ ನಾನು ಸುಮ್ಮನಾಗುತ್ತಿದ್ದೆನೋ ಏನೋ. ಅವಳು ಹಾಗೆ ಎತ್ತಿಟ್ಟದ್ದು ನೋಡಿ ನನ್ನ ಸಿಟ್ಟು ನೆತ್ತಿಗೇರಿತು. ಸ್ಟೂಲು ಹತ್ತಿ ಗೈಡು ಇಳಿಸಿ ಅವಳ ಕೈಗೆ ತುರುಕಿ, "ಓದು. ಮಲವಗೊಪ್ಪಕ್ಕೆ ನಾನು ಹೋಗ್ತೀನಿ. ನಾನೂ ಆ ಮನೆ ಸೊಸೇನೇ" ಅಂದೆ. ನನ್ನ ಮಂಡಿ ನೆಟ್ಟಗಿಲ್ಲ ಅಂತ ಅವಳಿಗೆ ಗೊತ್ತು. ಬಾಯಿ ತೆಗೆದಳು. ನಾನು ಕೇಳಲಿಲ್ಲ.

ಆರಾಧನೆಯ ಬೆಳಿಗ್ಗೆ ಅವಳು ಶಿವಮೊಗ್ಗದ ಬಸ್ಸು ಹತ್ತಿದಳು. ನಾನೂ ಉಮೇಶನೂ ಮಲವಗೊಪ್ಪಕ್ಕೆ ಹೋದೆವು. ಪೂಜೆ ಮುಗಿದು ಮೊದಲ ಪಂಕ್ತಿಗೆ ಎಲೆ ಹಾಕುವಾಗಲೇ ಗಂಗಮ್ಮ ನಾಲ್ಕು ಜನಕ್ಕೆ ಕೇಳುವ ಹಾಗೆ, "ಎಲ್ಲಿ ನಿನ್ನ ಸೊಸೆ? ದೊರೆಸಾನಿ ಆದ್ಲಾ?" ಅಂದಳು.

ನಾನು ಎಂಟು ಜನಕ್ಕೆ ಕೇಳುವ ಹಾಗೆ ಹೇಳಿದೆ: "ಪರೀಕ್ಷೆ ಬರೆಯಕ್ಕೆ ಹೋಗಿದಾಳೆ. ನಾನೇ ಕಳ್ಸಿದ್ದು. ಬೈಯೋದಿದ್ರೆ ನನ್ನನ್ನ ಬಯ್ಯಿ, ಆದ್ರೆ ಪಲ್ಯದ ಬಕೆಟ್ ಹಿಡ್ಕಂಡು ಬಯ್ಯಿ, ಜನ ಕಾಯ್ತಿದಾರೆ."

ಬಗ್ಗಿ ಬಗ್ಗಿ ಬಡಿಸುವಾಗ ಮಂಡಿ ಒಂದೊಂದು ಎಲೆಗೂ ನನ್ನನ್ನು ಬೈಯುತ್ತಿತ್ತು. ನೋಡುವವರ ಮನಸ್ಸಿನ ಕೊಳೆಯನ್ನು ಕರುಣೆ ಮತ್ತು ಭಯದಿಂದ ತೊಳೆಯುವುದು ದುರಂತ ನಾಟಕದ ಉದ್ದೇಶ ಅಂತ ಗೈಡು ಹೇಳುತ್ತದೆ. ನನ್ನನ್ನು ನೋಡುತ್ತಾ ಊಟಕ್ಕೆ ಕೂತಿದ್ದ ಗಂಡಸರಲ್ಲಿ ಒಬ್ಬರಿಗೂ ಯಾವ ಕೊಳೆಯೂ ತೊಳೆದಂತೆ ಕಾಣಲಿಲ್ಲ. "ಅಜ್ಜಿ, ಸಾರು" ಅಂದರು, ಅಷ್ಟೆ.

ಕೊನೆಯ ಪಂಕ್ತಿಗೆ ಎಲೆ ಹಾಕಿದ್ದಾಗ ಭದ್ರಾವತಿ ಕಡೆಗೆ ಹೋಗುವ ಬಸ್ಸಿನಿಂದ ಇಳಿದು ಶೈಲ ನೇರ ಒಳಗೆ ಬಂದಳು. ಬೆರಳಿಗೆಲ್ಲ ಶಾಯಿ, ಮುಖ ಬಾಡಿತ್ತು. ಬಂದವಳೇ ಸೆರಗು ಸಿಕ್ಕಿಸಿ ನನ್ನ ಕೈಯ ಬಕೆಟ್ಟಿಗೆ ಕೈ ಹಾಕಿದಳು.

"ಬಿಡು. ಕೂತ್ಕ" ಅಂದೆ.

"ಅತ್ತೆ, ಎಲ್ಲಾ ನೋಡ್ತಿದಾರೆ."

"ನೋಡ್ಲಿ. ಟಿಕೆಟ್ ಇಲ್ಲ." ಅವಳನ್ನು ಒಂದು ಎಲೆಯ ಮುಂದೆ ಕೂರಿಸಿ, ಸಾರಿನ ಬಕೆಟ್ಟನ್ನು ಉಮೇಶನ ಕೈಗೆ ಕೊಟ್ಟೆ. ಅವನು ಅದನ್ನು ಹಾವು ಹಿಡಿದವನ ಹಾಗೆ ಹಿಡಿದು, ಹೆಂಡತಿಯ ಎಲೆಯ ಮುಂದೆ ನಿಂತು, ಅನ್ನ ಹಾಕುವುದಕ್ಕೆ ಮೊದಲೇ ಸಾರು ಸುರಿದ. ಸಾರು ಎಲೆಯಿಂದ ಹರಿದು ಅವಳ ಸೀರೆಗೆ ಬಂತು. ಗಂಗಮ್ಮ ಮುಖ ತಿರುಗಿಸಿದಳು.

ಅಷ್ಟರಲ್ಲಿ ಒಳಕೋಣೆಯಿಂದ ಅಕ್ಕ ಎದ್ದು ಬಂದರು. ಅಕ್ಕ ಅಂದರೆ ನನ್ನ ವಾರಗಿತ್ತಿ, ಭಾವನವರ ಹೆಂಡತಿ. ಸಾವಾದಾಗಿನಿಂದ ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲ. ಬೈಯುತ್ತಾರೆ ಅಂತಲೇ ನಾನೂ ತಿಳಿದು, ತಿರುಗಿ ಬೈಯಲು ತಯಾರಾಗಿ ನಿಂತೆ. ಅವರು ಶೈಲನ ಪಕ್ಕ ಗೋಡೆಗೊರಗಿ ಕೂತು, "ಏನು ಬರ್ದ್ಯೇ?" ಅಂತ ಕೇಳಿದರು.

"ನಾಟಕದ ಮೇಲೆ, ದೊಡ್ಡತ್ತೆ. ದುರಂತ ನಾಟಕ."

"ಅಂದ್ರೆ? ಏನಾಗುತ್ತೆ ಅದ್ರಲ್ಲಿ?"

"ಕೊನೇ ಅಂಕದಲ್ಲಿ ಎಲ್ಲರೂ ಸಾಯ್ತಾರೆ."

"ಎಲ್ಲರೂನಾ?"

"ಹೆಚ್ಚುಕಮ್ಮಿ ಎಲ್ಲರೂ."

ಅಕ್ಕ ತೊಳೆಯಲು ಬಿದ್ದಿದ್ದ ಬಕೆಟ್ಟುಗಳ ರಾಶಿಯನ್ನು ನೋಡಿದರು. "ಮತ್ತೆ ಅಷ್ಟೂ ಜನದ ಆರಾಧನೆಗೆ ಬಡ್ಸೋರು ಯಾರೇ?" ಅಂದರು.

ಶೈಲನಿಗೆ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಅವಳು ಮೊದಲು ನಕ್ಕಳೋ ಅಕ್ಕ ನಕ್ಕರೋ ಗೊತ್ತಿಲ್ಲ. ಅಕ್ಕನಂತೂ ಸೆರಗು ಬಾಯಿಗೆ ತುರುಕಿಕೊಂಡು, ಭುಜ ಕುಣಿಸಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆ ಮನೆಯಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಫಲಿತಾಂಶ ಇನ್ನೂ ಬಂದಿಲ್ಲ. ಬರಲಿ, ಬಾರದಿರಲಿ, ನನ್ನ ಸಿಟ್ಟು ಇಳಿದಿಲ್ಲ. ಇಷ್ಟು ಶತಮಾನ ನಾಟಕ ಆಡಿ, ಅದರ ಚರಿತ್ರೆ ಬರೆದು, ಚರಿತ್ರೆಗೆ ಗೈಡು ಬರೆದವರಲ್ಲಿ ಒಬ್ಬರಾದರೂ ಅಕ್ಕನ ಪ್ರಶ್ನೆಯನ್ನು ಕೇಳಿದ್ದಾರೆಯೇ ಅಂತ ಶೈಲನನ್ನು ವಿಚಾರಿಸಿದೆ. ಗೈಡಿನಲ್ಲಂತೂ ಇಲ್ಲವಂತೆ. ಪ್ರಶ್ನೆಪತ್ರಿಕೆ ತೆಗೆಯುವ ಮೇಷ್ಟ್ರುಗಳಿಗೆ ಈ ಮೂರನೇ ಕ್ಲಾಸಿನವಳ ಒಂದು ಮಾತು: ಮುಂದಿನ ವರ್ಷ ಅದನ್ನೂ ಸೇರಿಸಿ, ಹದಿನೈದು ಮಾರ್ಕಿಗೆ. ಉತ್ತರ ಬರೆಯುವವರು ಮಾತ್ರ, ಪೆನ್ನು ಹಿಡಿಯುವ ಮೊದಲು ಒಂದು ಪಂಕ್ತಿ ಬಡಿಸಿ ಬರಲಿ.