ನಾನು ಬರೆಯದ ಹೆಸರು

ಪವಾಡದ ಕಥೆ ಹೊತ್ತು ತರುವವರನ್ನು ನಾನು ಸುಲಭಕ್ಕೆ ನಂಬುವವನಲ್ಲ. ಪಾದ್ರಿಯಾಗಿ ಹೀಗನ್ನಬಹುದೇ ಎಂದು ನೀವು ಕೇಳಬಹುದು. ಅಂಥ ಕಥೆಗಳನ್ನು ದಿನಾ ಕೇಳುವವರಿಗೇ ಅನುಮಾನ ಜಾಸ್ತಿ. ಆದರೆ ಕಲ್ಯಾಣದ ನಮ್ಮ ಧ್ಯಾನಮಂದಿರದಲ್ಲಿ ಒಂದು ಬೆಳಿಗ್ಗೆ ಆದದ್ದನ್ನು ಬೇರೆಯವರ ಬಾಯಿಂದ ಕೇಳಿದ್ದಲ್ಲ.

ಮೊದಲು ನನ್ನ ದ್ವೇಷದ ವಿಷಯ ಹೇಳಿಬಿಡುತ್ತೇನೆ. ನಮ್ಮ ಮಿಷನರಿ ಸಭೆಯ ನೆರೂಳದ ಮನೆಯಲ್ಲಿ ನಾನು ತರಬೇತಿಯಲ್ಲಿದ್ದಾಗ ಫಾದರ್ ಗ್ರೆಗರಿ ನಮ್ಮ ಗುರುಗಳು. ನನ್ನ ಸನ್ಯಾಸದ ವ್ರತಸ್ವೀಕಾರಕ್ಕೆ ಹದಿನೈದು ದಿನ ಇರುವಾಗ ಊಟದ ಮೇಜಿನಲ್ಲಿ ಎಲ್ಲರೆದುರೇ, "ಇವ ನಾಲ್ಕು ಜನರನ್ನು ನಡೆಸುವವ ಅಲ್ಲ ಮಾರಾಯ್ರೆ. ಇನ್ನೊಂದು ವರ್ಷ ಬೇಯಲಿ" ಎಂದರು. ಊರಿನಲ್ಲಿ ಅಮ್ಮ ಹೊಸ ಸೀರೆ ತೆಗೆದು, ಟಿಕೆಟ್ ಮಾಡಿಸಿಕೊಂಡು ಕೂತಿದ್ದಳು. ಮರುವರ್ಷ ನಾನು ವ್ರತ ತೆಗೆದುಕೊಂಡಾಗ ಅಮ್ಮ ಬದುಕಿರಲಿಲ್ಲ. ಕ್ಷಮೆಯ ಬಗ್ಗೆ ಎಷ್ಟೋ ಪ್ರಸಂಗ ಮಾಡಿದ್ದೇನೆ. ಆ ಒಂದು ವರ್ಷಕ್ಕಾಗಿ ಮಾತ್ರ ಅವರನ್ನು ಕ್ಷಮಿಸಲಿಲ್ಲ.

ಬಹಳ ಕಾಲದ ಮೇಲೆ ಅದೇ ನೆರೂಳದ ಮನೆಗೆ ಮುಖ್ಯಸ್ಥರಾಗಿ ಅವರ ಹೆಸರು ಬಂತು. ಅಷ್ಟರಲ್ಲಿ ನಾನು ಸಲಹಾ ಮಂಡಳಿಯಲ್ಲಿದ್ದೆ. ನಮ್ಮ ಅಭಿಪ್ರಾಯವನ್ನು ಲಕೋಟೆಯಲ್ಲಿಟ್ಟು, ನೇಮಕ ಮಾಡುವ ಪ್ರಾಂತಾಧಿಕಾರಿಗಳಿಗೆ ಕೊಡಬೇಕು. ಅವರ ಮಾತನ್ನೇ ಅವರ ಮೇಲೆ ಬರೆದೆ: ಇವರು ನಾಲ್ಕು ಜನರನ್ನು ನಡೆಸುವವರಲ್ಲ. ಲಕೋಟೆ ಅಂಟಿಸುವಾಗ ನನಗಾದ ಸುಖವನ್ನು ಮುಚ್ಚಿಡುವುದಿಲ್ಲ.

ಲಕೋಟೆ ಕೊಡುವ ದಿನವೇ ಕಲ್ಯಾಣದಲ್ಲಿ ವರ್ಷಾರಂಭದ ಧ್ಯಾನಕೂಟ. ಅಂದು ಎಲ್ಲರ ಹೆಸರು ಬರೆದ ಚೀಟಿಗಳನ್ನು ಬುಟ್ಟಿಗೆ ಹಾಕಿ ಎತ್ತುವುದು ನಮ್ಮ ಪದ್ಧತಿ. ಯಾರ ಹೆಸರು ಬಂತೋ ಅವರಿಗಾಗಿ ವರ್ಷವಿಡೀ ಗುಟ್ಟಾಗಿ ಪ್ರಾರ್ಥಿಸಬೇಕು. ಫಾದರ್ ಗ್ರೆಗರಿಯೂ ಸೇರಿ ನಾವು ಹನ್ನೆರಡು ಮಂದಿ. ಚೀಟಿ ಬರೆಯುವ ಕೆಲಸ ನನ್ನದು. ಅವರ ಹೆಸರು ಮಾತ್ರ ನಾನು ಬರೆಯಲೇ ಇಲ್ಲ. ಅವರಿಗಾಗಿ ಒಬ್ಬನೂ ಪ್ರಾರ್ಥಿಸಬಾರದು, ಅಷ್ಟೆ. ಲೆಕ್ಕ ಸರಿಹೋಗಲು ನನ್ನ ಹೆಸರನ್ನೇ ಎರಡು ಸಲ ಬರೆದೆ. ಮಡಚುವ ಮೊದಲು ಒಂದೊಂದನ್ನೂ ಮತ್ತೆ ಓದಿ ನೋಡಿದೆ. ಬುಟ್ಟಿ ನನ್ನ ಕೈಬಿಟ್ಟು ಹೋಗಲಿಲ್ಲ.

ಎಲ್ಲರೂ ಎತ್ತಿದ ಮೇಲೆ ತಳದಲ್ಲಿ ಉಳಿದದ್ದು ನನ್ನ ಪಾಲಿಗೆ. ಬಿಡಿಸಿದೆ. ಫಾದರ್ ಗ್ರೆಗರಿ. ಅಕ್ಷರ ನನ್ನದೇ, ನನ್ನದೇ ನೀಲಿ ಶಾಯಿ.

ಬರೆದದ್ದರಲ್ಲಿ ತಪ್ಪಾಗಿದೆಯೇ ನೋಡಬೇಕೆಂದು ನೆಪ ಹೇಳಿ ಪ್ರತಿಯೊಬ್ಬರ ಚೀಟಿಯನ್ನೂ ಕೇಳಿ ನೋಡಿದೆ. ಹನ್ನೊಂದು ಚೀಟಿ, ಹನ್ನೊಂದು ಬೇರೆ ಬೇರೆ ಹೆಸರು. ನನ್ನ ಹೆಸರು ಒಂದೇ ಕಡೆ, ಬ್ರದರ್ ಲಾರೆನ್ಸನ ಕೈಯಲ್ಲಿ. "ನಿಮಗಾಗಿ ಪ್ರಾರ್ಥನೆ ಮಾಡ್ಲಿಕ್ಕೆ ನಾನೊಬ್ಬ ಸಾಕಾಗುದಿಲ್ವಾ ಫಾದರ್?" ಎಂದು ಅವನು ನಕ್ಕ. ನಾನು ಮುಂದಿನ ಚೀಟಿಗೆ ಕೈ ಚಾಚಿದೆ.

ಕೊನೆಗೆ ಫಾದರ್ ಗ್ರೆಗರಿ ತಮ್ಮ ಚೀಟಿ ತೋರಿಸುತ್ತ, "ಗುಟ್ಟಿನದ್ದನ್ನು ಗುಟ್ಟಾಗಿ ಇಡ್ಲಿಕ್ಕೂ ಬರುದಿಲ್ಲ ನಿನಗೆ. ಇನ್ನೂ ಬೇಯಲಿಲ್ಲ ನೀನು" ಎಂದರು.

ಆ ಮಾತಿಲ್ಲದಿದ್ದರೆ ಲಕೋಟೆ ಹರಿದು ಹಾಕುತ್ತಿದ್ದೆನೋ ಏನೋ. ಊಟಕ್ಕೆ ಮುಂಚೆ ಪ್ರಾಂತಾಧಿಕಾರಿಗಳು ಕೈ ಚಾಚಿದಾಗ ಕೊಟ್ಟುಬಿಟ್ಟೆ. ಫಾದರ್ ಗ್ರೆಗರಿಗೆ ಆ ಮನೆ ಸಿಗಲಿಲ್ಲ.

ಪದ್ಧತಿಯಂತೆ ಆ ವರ್ಷವಿಡೀ ದಿನಾ ಬೆಳಿಗ್ಗೆ ಅವರ ಹೆಸರೆತ್ತಿ ಮೊಣಕಾಲೂರಿದೆ. ಏನು ಬೇಡಿಕೊಂಡೆ ಎಂದು ಕೇಳಬೇಡಿ. ಒಳ್ಳೆಯದನ್ನೇ ಬೇಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಒಂದು ದಿನವೂ ತಪ್ಪಿಸಲು ಧೈರ್ಯ ಬರಲಿಲ್ಲ. ಯಾರಿಗೆ ಹೆದರಿದ್ದೆ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ.