ಮೊಣಕಾಲೆತ್ತರದಿಂದ ಕಂಡ ಲಿಫ್ಟು

ಬೆಳಿಗ್ಗೆ ಐದೂ ಮುಕ್ಕಾಲು. ನಾಲ್ಕನೇ ಮಹಡಿಯ ಲಿಫ್ಟಿನೆದುರು ನೆಲಕ್ಕೆ ಕೂತ ಹೆಂಗಸೊಬ್ಬರು, ಬಾಗಿಲು ಜಾರುವ ಸಂದಿಯಲ್ಲಿ ಅಂಟಿದ ಚೂಯಿಂಗ್ ಗಮ್ಮನ್ನು ಹಳೇ ಚಮಚದಿಂದ ಕೆರೆಯುತ್ತಿದ್ದಾರೆ. ಪಕ್ಕದ ಬಕೆಟ್ಟಿನಲ್ಲಿ ನೀರು ಅರ್ಧಕ್ಕಿಂತ ಕಮ್ಮಿ. ಅದೂ ಬೇಕೆಂದೇ. ಎದುರಿನ ದೊಡ್ಡ ಕಿಟಕಿಗೆ ಹಳೇ ಬೆಡ್‌ಶೀಟು ಕಟ್ಟಿದೆ.

"ಬಂದ ತಕ್ಷಣ ಮೊದಲು ಶೀಟು, ಆಮೇಲೆ ಪೊರಕೆ. ಇದನ್ನ ಮರೆತ ದಿನ ನಾನು ಮನೆಗೆ," ಎಂದು ಇದನ್ನು ಬರೆಯಲು ಬಂದ ನನಗೆ ಹೇಳುತ್ತಾರೆ.

ಗೇಟಿನ ಕಾವಲುಗಾರ ಇವರಿಗಿಟ್ಟ ಹೆಸರು ನೀರಮ್ಮ. ಪ್ರೀತಿಯಿಂದ ಇಟ್ಟದ್ದಲ್ಲ.

ಈ ಮಹಡಿಯಲ್ಲಿ ಡಯಾಲಿಸಿಸ್ ಕೇಂದ್ರವಿದೆ. ಆರೂಕಾಲಿಗೆ ಮೊದಲ ತಂಡ: ಹದಿನಾಲ್ಕು ಜನ, ಐವರು ಗಾಲಿಕುರ್ಚಿಯಲ್ಲಿ. ಅಷ್ಟರೊಳಗೆ ನೀರಮ್ಮ ಹತ್ತೊಂಬತ್ತು ಕೋಣೆ, ನೂರಾನಾಲ್ಕು ಮೆಟ್ಟಿಲು ಮುಗಿಸಬೇಕು. ಇವರು ಕೆಲಸಕ್ಕೆ ಸೇರಿದ ತಿಂಗಳೇ ಲಿಫ್ಟು ಕೈಕೊಡಲು ಶುರು. ಇಲ್ಲಿಗೆ ಬಂದು ಬಾಗಿಲು ತೆರೆದರೆ ಮುಚ್ಚುವುದಿಲ್ಲ. ಅರ್ಧ ಬಂದು ಮತ್ತೆ ತೆರೆದುಕೊಳ್ಳುತ್ತದೆ. ಕೆಳಗೆ ಗಾಲಿಕುರ್ಚಿಗಳ ಸಾಲು.

ಒಂಬತ್ತು ವರ್ಷ ಸರಿಯಿದ್ದ ಲಿಫ್ಟು, ಹೊಸ ಕೆಲಸದವಳು, ಪಕ್ಕದಲ್ಲಿ ಬಕೆಟ್ಟು. ಇನ್ನೇನು ಬೇಕು? ದೂರಿನ ಪುಸ್ತಕದಲ್ಲಿ ಮ್ಯಾನೇಜರು ಹನ್ನೊಂದು ಸಲ ಬರೆದರು: 'ನೀರು ಚೆಲ್ಲಿದ್ದರಿಂದ ಲಿಫ್ಟ್ ಸ್ಥಗಿತ'. ಹನ್ನೆರಡನೆಯದಾದರೆ ಬರಬೇಡ ಎಂದು ಪತ್ರವನ್ನೂ ಕೈಗಿತ್ತರು.

ನೀರಮ್ಮನ ಅನುಮಾನ ಮೆಕ್ಯಾನಿಕ್ ಮೇಲೆ. "ಹತ್ತು ಗಂಟೆಗೆ ಬರ್ತಾನೆ, ಗುಂಡಿ ಒತ್ತುತಾನೆ, ಲಿಫ್ಟು ಮಗು ಥರ ಕೇಳುತ್ತೆ. ಬೆಳಿಗ್ಗೆ ಮತ್ತೆ ಅದೇ ರಾಮಾಯಣ. ಮತ್ತೆ ಕರೀಲಿ ಅಂತ ಏನೋ ಸಡಿಲ ಬಿಟ್ಟು ಹೋಗ್ತಾನೆ ಅಂದ್ಕೊಂಡಿದ್ದೆ."

ಮೆಕ್ಯಾನಿಕ್ಕೂ ಮುಚ್ಚಿಡುವುದಿಲ್ಲ. "ನಾನು ಮೇಲಿನ ಮೋಟಾರು ನೋಡಿದೆ, ಹಗ್ಗ ನೋಡಿದೆ, ಬೋರ್ಡು ಬಿಚ್ಚಿದೆ. ಎಲ್ಲ ಸರಿ. ಹಾಗಾದ್ರೆ ಈಯಮ್ಮನೇ ಅಂತ ಬರೆಸಿದ್ದು ನಾನೇ, ಸಾರ್."

ಮೋಟಾರು ಮೇಲಿದೆ, ಅವನು ಮೇಲೆ ನೋಡಿದ. ಮ್ಯಾನೇಜರು ಕೆಳಗೆ ಕ್ಯಾಮೆರಾದ ಪರದೆ ನೋಡಿದರು, ಅದರಲ್ಲಿ ಕಂಡದ್ದು ಬಕೆಟ್ಟು. ನೆಲಕ್ಕೆ ಕೂತು ನೋಡಿದ್ದು ಒಬ್ಬರೇ.

"ಗಮ್ ಕೆರೀತಿದ್ದೆ. ಕಿಟಕಿಯಿಂದ ಬಿಸಿಲು ನೆಟ್ಟಗೆ ಮುಖಕ್ಕೆ ಹೊಡೀತು. ನೋಡ್ತೀನಿ, ನನ್ನ ಮುಖದ ಎತ್ತರಕ್ಕೇ ಬಾಗಿಲಲ್ಲಿ ಒಂದು ಗಾಜಿನ ಕಣ್ಣು. ನನಗೇ ಕಣ್ಣು ಬಿಡೋಕಾಗ್ತಿಲ್ಲ, ಅದಕ್ಕೇನು ಕಾಣ್ಬೇಕು? ಒರೆಸೋ ಬಟ್ಟೆ ಅಡ್ಡ ಹಿಡಿದೆ. ಬಾಗಿಲು ಸುಮ್ಮನೆ ಮುಚ್ಕೊಳ್ತು."

ಬಾಗಿಲ ನಡುವೆ ಯಾರಾದರೂ ನಿಂತಿದ್ದಾರಾ ಎಂದು ನೋಡುವುದೇ ಆ ಕಣ್ಣಿನ ಕೆಲಸ. ಬಿಸಿಲು ಬಿದ್ದರೆ ಯಾರೋ ಇದ್ದಾರೆಂದು ಬಾಗಿಲು ತೆರೆದೇ ಇಡುತ್ತದೆ. ಒಂಬತ್ತು ವರ್ಷ ಎದುರಿಗಿದ್ದ ಗೋದಾಮು ಬಿಸಿಲನ್ನು ತಡೆದಿತ್ತು. ಅದನ್ನು ಕೆಡವಿದ್ದೂ ನೀರಮ್ಮ ಸೇರಿದ್ದೂ ಒಂದೇ ತಿಂಗಳು. ಹತ್ತು ಗಂಟೆಗೆ ಬಿಸಿಲು ಕಿಟಕಿ ದಾಟಿರುತ್ತದೆ.

ಹೇಳಿದರೆ ಯಾರು ನಂಬಬೇಕು? "ಮೋಡದ ದಿನ ನಾನು ಎರಡು ಬಕೆಟ್ ಸುರಿದ್ರೂ ಲಿಫ್ಟು ನಿಂತಿಲ್ಲ, ಬಂದು ನೋಡಪ್ಪಾ ಅಂತ ಮೆಕ್ಯಾನಿಕ್‌ಗೆ ಅಂದೆ. 'ನನಗೆ ಕೆಲಸ ಕಲಿಸ್ತೀಯಾ?' ಅಂದ. ಕೆಲಸ ನೀನೇ ಮಾಡು, ಆರು ಗಂಟೆಗೆ ಬಂದು ನನ್ನ ಪಕ್ಕ ಕೂತ್ಕೊಂಡು ಮಾಡು ಅಂದೆ."

"ನನ್ನ ತಪ್ಪು ಹಿಡೀಲೇಬೇಕು ಅಂತ ಬಂದ," ಅನ್ನುತ್ತಾರೆ. ಬಂದವನು ಕೂತ. ಕಣ್ಣು ಕಿರಿದು ಮಾಡಿದ. ಅಂಗೈ ಅಡ್ಡ ಹಿಡಿದ, ತೆಗೆದ, ಹಿಡಿದ. ಆಮೇಲೆ ಎದ್ದು ಕಿಟಕಿಯ ಕಡೆ ನೋಡಿದನಂತೆ.

ನನಗೂ ನಂಬಿಕೆ ಬರಲಿಲ್ಲ. ಆರು ದಾಟಿದೊಡನೆ ಶೀಟನ್ನು ಚೂರು ಸರಿಸಿದೆ. ಮುಚ್ಚುತ್ತಿದ್ದ ಬಾಗಿಲು ಬಾಯಿ ಬಿಟ್ಟಿತು.

"ಅಯ್ಯೋ ಬಿಡಿ, ಬಿಡಿ! ಹನ್ನೆರಡನೇದು ನಿಮ್ಮ ಹೆಸರಲ್ಲಿ ಬರೆಸ್ಲಾ?"

ಈಗ ಮೆಕ್ಯಾನಿಕ್ ಬೇರೆ ಮಹಡಿಯ ಕೆಲಸಕ್ಕೆ ಬಂದರೂ ಮೊದಲು ಕೇಳುವುದು, "ಅಮ್ಮಾ, ನಿಮ್ಗೇನು ಕಾಣ್ತು?" ಒಮ್ಮೊಮ್ಮೆ ಚಹಾ ತರುತ್ತಾನೆ. ನೀರಮ್ಮ ಲೋಟವನ್ನು ಮೂಸಿಯೇ ಕುಡಿಯುವುದು. "ಇದ್ದಕ್ಕಿದ್ದ ಹಾಗೆ ಒಳ್ಳೆಯವನಾದ್ರೆ ಭಯ ಆಗಲ್ವಾ?"

ಪುಸ್ತಕದಲ್ಲಿ ಅವನು 'ಕಣ್ಣಿಗೆ ಬಿಸಿಲು, ಕಿಟಕಿಗೆ ಪರದೆ ಬೇಕು' ಎಂದು ಬರೆದಿದ್ದಾನೆ. ಯಾರು ಕಂಡುಹಿಡಿದರೆಂದು ಬರೆದಿಲ್ಲ. ಹೊಸ ಪರದೆ ಬಂದಿಲ್ಲ. ಪತ್ರ ಹಿಂದಕ್ಕೆ ಹೋಗಿಲ್ಲ. "ಬಿಸಿಲೋ ನೀರೋ, ನೋಡೋಣ," ಎಂದು ಮ್ಯಾನೇಜರು ಈಗಲೂ ಗದ್ದ ಕೆರೆಯುತ್ತಾರೆ.

ಆ ಹನ್ನೊಂದು ಸಾಲು ಹೊಡೆದುಹಾಕಿಸಬೇಕಾ, ಎಂದು ಕೇಳಿದೆ. ನೀರಮ್ಮ ಚಮಚ ಒರೆಸಿ ಜೇಬಿಗಿಟ್ಟರು. ಗೋಡೆಗೊರಗಿದ್ದ ಪುಟ್ಟ ಮಣೆಯನ್ನು ಲಿಫ್ಟಿನೆದುರು ಎಳೆದರು. ಅದರ ಮೇಲೆ ಒಂದು ಚೂರು ಧೂಳಿಲ್ಲ.

"ಅದೆಲ್ಲ ಬೇಡ. ಮ್ಯಾನೇಜರ್ ಸಾಹೇಬ್ರು ಒಂದಿನ ಆರು ಗಂಟೆಗೆ ಬಂದು ಇಲ್ಲಿ ಕೂತ್ರೆ ಸಾಕು. ದಿನಾ ಒರೆಸಿಟ್ಟಿರ್ತೀನಿ."