ಬಗ್ಗದೆ ನಡೆದ ದಿನಗಳು

ಅದು ನಮ್ಮ ಮನೆಗೆ ಬಂದದ್ದು ತರಕಾರಿ ಬ್ಯಾಗಿನಲ್ಲಿ, ಸರ್ಕಾರಿ ಬಸ್ಸಿನಲ್ಲಿ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಅರಸೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ಒಂದು ಭಾನುವಾರ ಹಳೇಬೀಡಿಗೆ ಹೋದವರು ಪಕ್ಕದ ಬಸ್ತಿಹಳ್ಳಿಯ ಬಸದಿಗಳನ್ನೂ ನೋಡಿ ಬರೋಣವೆಂದು ನಡೆದರೆ, ಬೇಲಿಯ ಸಂದಿಯಲ್ಲಿ ಈ ಪ್ರಾಣಿ ಮುದುರಿ ಕೂತಿತ್ತು. ಕುತ್ತಿಗೆಯಲ್ಲಿ ಯಾರೋ ಕಟ್ಟಿ ಮರೆತ ಹಗ್ಗ ಚರ್ಮಕ್ಕೇ ಹೂತುಹೋಗಿತ್ತು. ಬೆನ್ನ ಮೇಲೆ ಕಲ್ಲೇಟಿನ ಗಾಯ. ಅಮ್ಮ ಹಲ್ಲಿನಿಂದ ಕಚ್ಚಿ ಕಚ್ಚಿ ಹಗ್ಗ ಬಿಡಿಸಿದಳು. ಆಯಿತಲ್ಲ, ಹೋಗೋಣ ಎಂದು ನಾನು ಎದ್ದರೆ, ಬ್ಯಾಗಿನಲ್ಲಿದ್ದ ಚಿತ್ರಾನ್ನದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಖಾಲಿ ಬ್ಯಾಗಿನೊಳಗೆ ನಾಯಿಯನ್ನು ಇಳಿಸಿಬಿಟ್ಟಳು. ಬಸ್ಸು ಜಾವಗಲ್ ದಾಟಿದ ಮೇಲೆ ಬ್ಯಾಗು ಕುಂಯ್ ಎಂದಿತು. ಕಂಡಕ್ಟರ್ ಇಣುಕಿ ನೋಡಿ, "ಏನ್ರಮ್ಮಾ, ಇದಕ್ಕೆ ಅರ್ಧ ಟಿಕೆಟ್ ಹರೀಲೋ, ಫುಲ್ ಟಿಕೆಟ್ ಹರೀಲೋ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು.

ಅಮ್ಮ ಅದಕ್ಕೆ ಹೆಸರಿಡಲಿಲ್ಲ. "ಮರಿ" ಎಂದು ಕರೆದಳು, ಅದೇ ನಿಂತುಹೋಯಿತು. ಮನೆಯೊಳಗೆ ಮರಿಯಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ಬೆಳಿಗ್ಗೆ ಬುದ್ಧನ ಫೋಟೋ ಮುಂದೆ ಅಮ್ಮ ದೀಪ ಹಚ್ಚಿ ಕೂತರೆ ಅದೂ ಪಕ್ಕದಲ್ಲಿ ಕೂತು ಆಕಳಿಸುತ್ತಿತ್ತು. ಹೊಸಿಲು ದಾಟಿ ಬೀದಿಯಲ್ಲಿ ಇನ್ನೊಂದು ನಾಯಿಯನ್ನು ಕಂಡರೆ ಮಾತ್ರ ಮೈಮೇಲೆ ದೆವ್ವ ಬಂದ ಹಾಗೆ ಆಡುತ್ತಿತ್ತು. ಬೆನ್ನ ಕೂದಲು ನಿಮಿರಿ, ಹಲ್ಲು ಕಿರಿದು, ಚೈನು ಹಿಡಿದ ನನ್ನನ್ನು ದರದರ ಎಳೆದುಕೊಂಡು ಹೋಗಿ ಜಗಳಕ್ಕೆ ಬೀಳುತ್ತಿತ್ತು. ನಾಯಿಗೆ ವಾಕಿಂಗ್ ಯಾಕ್ರೀ ಎಂದು ನಕ್ಕವರೂ ಇದ್ದರು. ನಮ್ಮದು ಎರಡು ಕೋಣೆಯ ಮನೆ, ಅಂಗಳವೂ ಇಲ್ಲ. ಅದು ಎಲ್ಲಿಗೆ ಹೋಗಬೇಕು, ತಾಲ್ಲೂಕು ಕಚೇರಿಗಾ?

ನಮ್ಮ ಕಡೆ ಬೀದಿನಾಯಿ ಎದುರಾದರೆ ಯಾರೂ ಓಡುವುದಿಲ್ಲ. ಕಲ್ಲು ಎತ್ತಿಕೊಳ್ಳುವವರ ಹಾಗೆ ಬಗ್ಗುತ್ತಾರೆ. ಅಲ್ಲಿ ಕಲ್ಲು ಇರಬೇಕೆಂದೇನೂ ಇಲ್ಲ, ಬಗ್ಗಿದರೆ ಸಾಕು, ನಾಯಿ ಬಾಲ ಮುದುರಿಕೊಂಡು ಪರಾರಿ. ನೆಟ್ಟಗೆ ನಡೆಯಲು ಬಾರದ ಮಗುವಿಗೂ ಈ ವಿದ್ಯೆ ಬರುತ್ತದೆ. ನಾನೂ ಅದನ್ನೇ ಮಾಡುತ್ತಿದ್ದೆ. ದೂರದಲ್ಲಿ ನಾಯಿ ಕಂಡ ತಕ್ಷಣ, ಮರಿಯ ಹತ್ತಿರ ಅದು ಬರದಿರಲಿ ಎಂದು ಬಗ್ಗುತ್ತಿದ್ದೆ. ನಾನು ಬಗ್ಗಿದಷ್ಟೂ ಮರಿ ಕೆರಳುತ್ತಿತ್ತು. ಅದು ಕೆರಳಿದಷ್ಟೂ ನಾನು ಇನ್ನೂ ಜೋರಾಗಿ ಬಗ್ಗುತ್ತಿದ್ದೆ. ಇದು ಎರಡು ತಿಂಗಳು ನಡೆಯಿತು. ಮೂರ್ಖತನಕ್ಕೂ ಒಂದು ತಾಳ್ಮೆ ಬೇಕು, ಅದು ನನ್ನಲ್ಲಿ ಧಾರಾಳವಾಗಿತ್ತು.

ಒಂದು ಬೆಳಿಗ್ಗೆ ಆಗಬಾರದ್ದು ಆಯಿತು. ನಮ್ಮ ಮನೆಯ ಮಾಲೀಕರು, ಮುಂದಿನ ಮನೆಯಲ್ಲೇ ಇದ್ದ ನಿವೃತ್ತ ಹೆಡ್ಮಾಸ್ಟರು, ಹಾಲು ತೆಗೆದುಕೊಂಡು ಬರುತ್ತಿದ್ದರು. ಅದೇ ಹೊತ್ತಿಗೆ ಮಟನ್ ಅಂಗಡಿಯ ಕಡೆಯಿಂದ ಎರಡು ನಾಯಿ ಬಂದವು. ನಾನು ಬಗ್ಗಿದೆ. ಮರಿ ಗಿರಗಿರ ಸುತ್ತಿ ಮೇಷ್ಟ್ರ ಕಾಲಿಗೆ ಚೈನು ಸುತ್ತಿತು. ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟ ಮೇಷ್ಟ್ರು ಹಾಲಿನ ಸಮೇತ ತೆಂಗಿನ ಮಟ್ಟೆಯ ರಾಶಿಯ ಮೇಲೆ ಮಕಾಡೆ ಬಿದ್ದರು. ನನಗೆ ಭಯ, ನಾಚಿಕೆ, ಅದರ ಜೊತೆಗೆ ಹಾಳಾದ ನಗು ಬೇರೆ.

ಸಂಜೆ ಮೇಷ್ಟ್ರು ನಮ್ಮ ಬಾಗಿಲಿಗೆ ಬಂದರು. ಬೈಯಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು. "ನೋಡಿಮ್ಮಾ, ಯುಗಾದಿಗೆ ಮೊಮ್ಮಕ್ಕಳು ಬರ್ತಾರೆ. ಅಷ್ಟರೊಳಗೆ ಆ ನಾಯಿಗೆ ಒಂದು ದಾರಿ ಮಾಡಿ. ಆಗಲ್ಲ ಅಂದ್ರೆ ಬೇರೆ ಮನೆ ನೋಡ್ಕೊಳ್ಳಿ. ಬೇಜಾರು ಮಾಡ್ಕೋಬೇಡಿ" ಎಂದರು.

ಬೇರೆ ಮನೆ! ಈ ಮನೆ ಸಿಗುವ ಮೊದಲು ನಾವು ಆರು ಮನೆ ನೋಡಿದ್ದೆವು. ಆರು ಕಡೆಯೂ ಮೊದಲು ಕಾಫಿ ಕೊಟ್ಟು, ಆಮೇಲೆ ಜಾತಿ ಕೇಳಿ, ಆಮೇಲೆ "ಅಯ್ಯೋ, ನಿನ್ನೆ ತಾನೇ ಬೇರೆಯವರಿಗೆ ಮಾತು ಕೊಟ್ವಲ್ಲಾ" ಎಂದಿದ್ದರು. ಏನನ್ನೂ ಕೇಳದೆ ಬೀಗದಕೈ ಕೊಟ್ಟವರು ಈ ಮೇಷ್ಟ್ರೊಬ್ಬರೇ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನ್ನಿಂದಾಗಲಿಲ್ಲ. ಅಮ್ಮ ಅವತ್ತು ಸುಮ್ಮನೆ ರಾಗಿ ಕೇರುತ್ತಾ, "ನಾಯಿಗಿಂತ ಮನೆ ದೊಡ್ಡದು ಕಣೇ. ಗೆಂಡೆಹಳ್ಳೀಲಿ ನಿಮ್ಮ ಮಾವನ ತೋಟಕ್ಕೆ ಬಿಟ್ಟರಾಯ್ತು" ಎಂದಳು. ಮಾವನ ತೋಟದಲ್ಲಿ ಆಗಲೇ ನಾಲ್ಕು ನಾಯಿಗಳಿದ್ದವು. ಮರಿ ಅಲ್ಲಿ ಒಂದು ದಿನವೂ ಉಳಿಯುವುದಿಲ್ಲವೆಂದು ನಮಗಿಬ್ಬರಿಗೂ ಗೊತ್ತಿತ್ತು. ನಾನು ಊಟ ಬಿಟ್ಟು ಮಲಗಿದೆ.

ಅದಾದ ನಾಲ್ಕನೇ ದಿನ, ಕೊಬ್ಬರಿ ಮಂಡಿಯ ಹಿಂದಿನ ರಸ್ತೆಯಲ್ಲಿ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಸರಿಮಾಡಲು ಬಗ್ಗಿದೆ. ರಸ್ತೆಯಲ್ಲಿ ನಾಯಿ ಹಾಗಿರಲಿ, ನರಪಿಳ್ಳೆಯೂ ಇರಲಿಲ್ಲ. ಆದರೂ ಮರಿ ನೆಲಕ್ಕೆ ಅವುಚಿಕೊಂಡು, ಕಣ್ಣಗಲಿಸಿ, ಬೆನ್ನ ಕೂದಲು ನಿಮಿರಿಸಿ ಗುರ್ರೆಂದಿತು. ಅದು ನೋಡುತ್ತಿದ್ದುದು ನನ್ನ ಕೈಯನ್ನು. ಆಗ ತಲೆಗೆ ಹೊಳೆಯಿತು. ಬಗ್ಗಿದ ಮನುಷ್ಯ ಎಂದರೆ ಅದಕ್ಕೆ ಕಲ್ಲು. ನಾಯಿ ಕಂಡಾಗಲೆಲ್ಲ ನಾನೇ ಬಗ್ಗಿ ಬಗ್ಗಿ, ನಾಯಿ ಕಂಡರೆ ಕಲ್ಲು ಬೀಳುತ್ತದೆ ಎಂದು ಅದಕ್ಕೆ ಪಾಠ ಹೇಳಿಕೊಟ್ಟಿದ್ದೆ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಕಿತ್ತ ಚಪ್ಪಲಿಯನ್ನು ಅಲ್ಲೇ ಬಿಟ್ಟು, ಒಂದು ಕಾಲಲ್ಲಿ ಚಪ್ಪಲಿ ಹಾಕಿಕೊಂಡೇ ಅಳುತ್ತಾ ನಡೆದೆ.

ಇದನ್ನೆಲ್ಲ ನೋಡುತ್ತಾ ಕೂತಿದ್ದವರು, ಮಂಡಿಯ ಹಿಂಬಾಗಿಲ ಒಳಗಡೆ ಕಾಯಿ ಸುಲಿಯುತ್ತಿದ್ದ ಒಬ್ಬ ತಾತ. ಅವರ ಕಾಲ ಬಳಿ ಅವರಷ್ಟೇ ಹಣ್ಣಾದ ಒಂದು ಹೆಣ್ಣುನಾಯಿ ಯಾವಾಗಲೂ ಮಲಗಿರುತ್ತಿತ್ತು. ಯಾಕವ್ವಾ ಅಳ್ತೀಯ ಎಂದು ಕೇಳಿದರು. ದೂರದಲ್ಲೇ ನಿಂತು ಎಲ್ಲ ಹೇಳಿದೆ.

"ಹೊಸಾ ಹೋರೀನ ನೇಗ್ಲಿಗೆ ಹೆಂಗೆ ಪಳಗಿಸ್ತಾರೆ, ಗೊತ್ತೈತಾ? ಹಳೇ ಎತ್ತಿನ ಜೊತೆ ಹೂಡ್ತಾರೆ. ಎದುರಾಬದುರು ತಂದು ನಿಲ್ಲಿಸಿದ್ರೆ ಗುದ್ದಾಡ್ತವೆ. ಪಕ್ಕದಲ್ಲಿ ನಡೆಸಿದ್ರೆ ತೆಪ್ಪಗೆ ನಡೀತವೆ. ನಾಳೆ ಬೆಳಿಗ್ಗೆ ಬಾ. ನನ್ನ ಮುದುಕೀನ ಕಳಿಸ್ತೀನಿ."

ನಮ್ಮ ಶಾಲೆ ಹೀಗೆ ಶುರುವಾಯಿತು. ತಾತ, ಅವರ ಮುದುಕಿ ನಾಯಿ ಮುಂದೆ. ಐವತ್ತು ಹೆಜ್ಜೆ ಹಿಂದೆ ನಾನು, ಮರಿ. ಮರಿಯ ಕಣ್ಣಿಗೆ ಮುದುಕಿ ಬಿದ್ದಾಗಲೆಲ್ಲ ನಾನು ನೆಟ್ಟಗೆ ನಿಂತೇ ಒಂದು ಚೂರು ಕೊಬ್ಬರಿ ಕೆಳಗೆ ಹಾಕುತ್ತಿದ್ದೆ. ಮೊದಲ ದಿನ ಮರಿ ಕೊಬ್ಬರಿಯನ್ನು ಮೂಸಲೂ ಇಲ್ಲ. ಮೂರನೇ ದಿನ ತಿಂದಿತು. ಐವತ್ತು ಹೆಜ್ಜೆ ಮೂವತ್ತಾಯಿತು, ಹತ್ತಾಯಿತು. ಒಂದು ಬೆಳಿಗ್ಗೆ ರೈಲ್ವೆ ಗೇಟಿನ ಹತ್ತಿರ ಒಂದು ಹೆಣ್ಣು ಬೀದಿನಾಯಿ ಎದುರಾಯಿತು. ಮರಿಯ ಕಿವಿ ನಿಗುರಿತು. ಆಮೇಲೆ ಅದು ನಾಯಿಯನ್ನು ಬಿಟ್ಟು ನನ್ನ ಮುಖ ನೋಡಿತು, ಎಲ್ಲಿ ನನ್ನ ಕೊಬ್ಬರಿ ಎಂದು! ನಾನು ಕುಣಿದುಬಿಟ್ಟೆ. ಗೇಟಿನಲ್ಲಿ ನಿಂತಿದ್ದ ಆಟೋದವರೆಲ್ಲ ನೋಡಿದರು. ನೋಡಲಿ ಬಿಡಿ.

ಅಷ್ಟೂ ದಿನ ನಾನು ಬೀದಿಯಲ್ಲಿ ಒಮ್ಮೆಯೂ ಬಗ್ಗಲಿಲ್ಲ. ಬಿದ್ದ ಕರ್ಚೀಫನ್ನು ಕಾಲ್ಬೆರಳಲ್ಲಿ ಎತ್ತಿದೆ. ಎದುರಿಗೆ ಬಂದ ದೊಡ್ಡಮ್ಮನ ಕಾಲಿಗೆ ನಮಸ್ಕಾರ ಮಾಡದೆ, "ಸೊಕ್ಕು ನೋಡು ಇವಳಿಗೆ, ಕೆಲಸ ಸಿಕ್ಕಿದ ಮೇಲೆ" ಎಂದು ಬೈಸಿಕೊಂಡೆ. ನಾನು ಬಗ್ಗದ್ದನ್ನು ಕಂಡ ಕಚೇರಿಯವರು ಸೊಂಟನೋವೆಂದುಕೊಂಡು ಎಣ್ಣೆ ಸೂಚಿಸಿದರು.

ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ಮೇಷ್ಟ್ರು ಶಾಲಾ ಇನ್ಸ್‌ಪೆಕ್ಟರರ ಗತ್ತಿನಲ್ಲಿ ಹೊರಗೆ ಬಂದು, "ನಡೀರಿ, ನಾನೂ ಬರ್ತೀನಿ. ಕಣ್ಣಾರೆ ನೋಡಿ ತೀರ್ಮಾನ ಹೇಳ್ತೀನಿ" ಎಂದರು. ಕೊಬ್ಬರಿ ಚೂರುಗಳನ್ನು ಕೈಯಲ್ಲಿಟ್ಟುಕೊಂಡು ಹೊರಟೆ. ಮಟನ್ ಅಂಗಡಿಯ ತಿರುವಿನಲ್ಲಿ ಮೂರು ನಾಯಿ ಒಟ್ಟಿಗೆ ಬಂದವು. ಮರಿ ನಿಂತಿತು, ನನ್ನ ಮುಖ ನೋಡಿತು. ಭಲೆ ಎಂದುಕೊಳ್ಳುವಷ್ಟರಲ್ಲಿ ಮೇಷ್ಟ್ರು, ಅರವತ್ತು ವರ್ಷದ ಅಭ್ಯಾಸ ನೋಡಿ, ಹಚಾ ಎನ್ನುತ್ತಾ ಕಲ್ಲಿಗೆ ಬಗ್ಗಿದರು.

"ಬಗ್ಗಬೇಡಿ ಮೇಷ್ಟ್ರೇ!"

ನನ್ನ ಗಂಟಲಿನಿಂದ ಅಷ್ಟು ದೊಡ್ಡ ದನಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರು ಹೊರಗೆ ಬಂದರು. ಮೇಷ್ಟ್ರು ಅರ್ಧ ಬಗ್ಗಿದವರು ಅರ್ಧದಲ್ಲೇ ನಿಂತರು, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಮರಿಯ ಬೆನ್ನ ಕೂದಲು ಎದ್ದಿತು, ಗಂಟಲಲ್ಲಿ ಗುರ್ ಎಂದಿತು. "ಬಾ ಮರಿ" ಎಂದು ಮೆಲ್ಲಗೆ ಹೇಳಿ, ಚೈನು ಸಡಿಲ ಬಿಟ್ಟು ನಾನು ನಡೆದೆ, ತಿರುಗಿಯೂ ನೋಡಲಿಲ್ಲ. ಒಂದು ಹೆಜ್ಜೆ, ಎರಡು ಹೆಜ್ಜೆ. ಮೂರನೆಯದಕ್ಕೆ ಒದ್ದೆ ಮೂಗು ನನ್ನ ಕೈಗೆ ತಗುಲಿತು. ಮೂರು ನಾಯಿಗಳ ಪಕ್ಕದಲ್ಲೇ ಹಾದು ಮರಿ ನನ್ನ ಜೊತೆ ಬಂದಿತ್ತು.

ಮೇಷ್ಟ್ರು ಸೊಂಟ ಹಿಡಿದುಕೊಂಡು ನಿಧಾನವಾಗಿ ನೆಟ್ಟಗಾದರು. ಹತ್ತಿರ ಬಂದು ಕೈ ಚಾಚಿ ಒಂದು ಚೂರು ಕೊಬ್ಬರಿ ಕೇಳಿದರು, ನೆಟ್ಟಗೆ ನಿಂತೇ ಮರಿಗೆ ಹಾಕಿದರು. "ನಾಳೆ ಮೊಮ್ಮಕ್ಕಳಿಗೆ ನೀವೇ ಬಂದು ಹೇಳ್ಕೊಡಿ, ಅದರ ಮುಂದೆ ಹೆಂಗಿರಬೇಕು ಅಂತ. ನಾನು ಹೇಳಿದ್ರೆ ಕೇಳಲ್ಲ ಅವು" ಎಂದರು. ಅದೇ ತೀರ್ಮಾನ. ನಾನು ಆ ಬೀದಿಯಲ್ಲೇ ಗೊಳೋ ಎಂದು ಅತ್ತೆ. ಮೇಷ್ಟ್ರು ಗಾಬರಿಯಾಗಿ ಚೈನನ್ನು ತಮ್ಮ ಕೈಗೆ ತೆಗೆದುಕೊಂಡರು.

ಮನೆಗೆ ಓಡಿ ಬಂದು, "ಅಮ್ಮಾ, ಮರಿ ನಮ್ಮಲ್ಲೇ ಇರುತ್ತೆ!" ಎಂದು ಕೂಗಿದೆ. ಅಡುಗೆಮನೆಯ ಗೂಡುಗಳೆಲ್ಲ ಖಾಲಿ ಇದ್ದವು. ಪಾತ್ರೆಗಳು ಎರಡು ಗೋಣಿಚೀಲದಲ್ಲಿ, ಬಟ್ಟೆಗಳು ಟ್ರಂಕಿನಲ್ಲಿ, ಬುದ್ಧನ ಫೋಟೋ ಹಳೇ ಸೀರೆಯಲ್ಲಿ ಸುತ್ತಿಟ್ಟಿತ್ತು. ನಾನು ಬಾಯಿ ಬಿಟ್ಟುಕೊಂಡು ನಿಂತೆ.

"ಮತ್ತೆ ಗೆಂಡೆಹಳ್ಳಿ ಅಂದಿದ್ದೆ?"

"ಅಂದಿದ್ದೆ" ಎಂದಳು ಅಮ್ಮ, ಗೋಣಿಚೀಲದ ಗಂಟು ಬಿಚ್ಚುತ್ತಾ. "ಆರು ಮನೆಯೋರು ನಮ್ಮನ್ನ ಹೊರಗೆ ಕಳಿಸಿದ್ರು ಕಣೇ. ನಾನೂ ಅವರ ಹಂಗೇ ಆಗ್ಲಾ? ಏಳನೇ ಮನೆ ಬಿಟ್ಟು ಎಂಟನೇದು ನೋಡಾಣ ಅಂತಿದ್ದೆ. ಬಾ, ಚೀಲದಿಂದ ಆ ಕೊಳದಪ್ಪಲೆ ಪಾತ್ರೆ ತೆಗಿ, ನಾಳೆ ಒಬ್ಬಟ್ಟಿಗೆ ಬೇಳೆ ಬೇಯಿಸ್ಬೇಕು."